ಬೇಸ್ ಗಿಟಾರಿನಲ್ಲಿ ಹಳೇ ರಾಕ್ ಹಾಡುಗಳು: ಎಲ್ಲಿಂದ ಶುರು ಮಾಡೋದು?

ಗೋಪಾಳದವ:

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬೇಸ್ ಗಿಟಾರ್ ನುಡಿಸುವವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ. ಕಾಲೇಜಿನಲ್ಲಿ ಸಾದಾ ಗಿಟಾರ್ ಹಿಡಿದು ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು) ಹಾಕಿ ಹಾಡುತ್ತಿದ್ದೆ. ಆದರೆ ಹಾಡು ಕೇಳುವಾಗ ಕಿವಿ ಹೋಗುತ್ತಿದ್ದುದು ಕೆಳಗಿನ ಆ ದಪ್ಪ ದನಿಗೇ. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ನಾಲ್ಕು ತಂತಿಯ ಬೇಸ್ ಒಂದು ತಗೊಂಡಿದ್ದೇನೆ, ಜೊತೆಗೊಂದು ಪುಟ್ಟ ಆಂಪ್ (ಆಂಪ್ಲಿಫೈಯರ್). ಕ್ವೀನ್, ಡೀಪ್ ಪರ್ಪಲ್, ಕ್ರೀಮ್, ಪಿಂಕ್ ಫ್ಲಾಯ್ಡ್ ಹಾಡುಗಳನ್ನು ನುಡಿಸಬೇಕು ಅಂತ ತುಂಬಾ ಆಸೆ.

ಇಲ್ಲಿ ಕೀಬೋರ್ಡ್, ತಬಲಾ, ವೀಣೆ, ಗಿಟಾರ್ ಹೇಳಿಕೊಡುವವರು ಸಿಗುತ್ತಾರೆ. ಬೇಸ್ ಹೇಳಿಕೊಡುವವರು ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ನೆಟ್‌ನಲ್ಲಿ ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ಅಂಕಿಯಲ್ಲಿ ಬರೆದದ್ದು) ನೋಡಿಕೊಂಡು ನುಡಿಸುತ್ತಿದ್ದೇನೆ. ಬೆರಳು ಸರಿಯಾದ ಜಾಗದಲ್ಲೇ ಇದೆ, ಟ್ಯೂನರ್ ಕೂಡ ಸರಿ ಅನ್ನುತ್ತದೆ, ಆದರೂ ಹಾಡು ಹಾಡಿನ ಹಾಗೆ ಕೇಳುವುದಿಲ್ಲ. ಇನ್ನೊಂದು ತೊಂದರೆ, ಫೋನಿನಲ್ಲಿ ಹಾಡು ಹಾಕಿದರೆ ಬೇಸ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಯಾವ ಹಾಡಿನಿಂದ ಶುರು ಮಾಡಲಿ? ಬೆರಳಲ್ಲೇ ನುಡಿಸಬೇಕಾ, ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಹಿಡಿಯಬಹುದಾ? ಮಳೆಗಾಲ ಬೇರೆ ಶುರುವಾಯಿತು, ತಂತಿಗೆ ಈಗಲೇ ತುಕ್ಕಿನ ಚುಕ್ಕೆ ಕಾಣುತ್ತಿದೆ. ಎಲ್ಲಾ ಸೇರಿಸಿ ಕೇಳಿಬಿಟ್ಟೆ, ಗೊತ್ತಿದ್ದವರು ಗೊತ್ತಿದ್ದಷ್ಟು ಹೇಳಿ.

ಭದ್ರಾವತಿ ಬೇಸ್:

ಗೋಪಾಳದವರೇ, ಒಳ್ಳೇ ವಾದ್ಯ ಹಿಡಿದಿದ್ದೀರಿ. ನಾನು ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿಕೊಂಡು ಬಂದವನು, ಗಣಪತಿ ಸೀಸನ್ ಬಂದರೆ ಈಗಲೂ ಸ್ಟೇಜ್ ಮೇಲೇ ಇರುತ್ತೇನೆ. ಮನೆಗೆ ಬಂದು ಕೇಳುವುದು ಮಾತ್ರ ನೀವು ಹೇಳಿದ ಹಾಡುಗಳನ್ನೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಫೋನಿನ ವಿಷಯ. ಬೇಸಿನ ದಪ್ಪ ಇ ತಂತಿಯನ್ನು ಖಾಲಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಎ ತಂತಿ 55, ಡಿ 73, ಜಿ 98. ಫೋನಿನೊಳಗಿರುವ ಚೂರು ಸ್ಪೀಕರ್‌ಗೆ ಇಷ್ಟು ಕೆಳಗಿನ ದನಿ ಹೊರಡಿಸುವ ತಾಕತ್ತಿಲ್ಲ. ನಿಮಗೆ ಕೇಳುತ್ತಿರುವುದು ಅದರ ಮೇಲಿನ ಸಣ್ಣ ಹಾರ್ಮೋನಿಕ್‌ಗಳು (ಮೂಲ ದನಿಯ ಜೊತೆಗೇ ಹುಟ್ಟುವ ಮೇಲಿನ ದನಿಗಳು) ಮಾತ್ರ, ಅವೂ ಗಿಟಾರ್ ಮತ್ತು ಡ್ರಮ್ಸ್ ನಡುವೆ ಮುಳುಗಿ ಹೋಗುತ್ತವೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದು ತಗೊಳ್ಳಿ. ಪೆಡಲ್, ಹೊಸ ಆಂಪ್ ಎಲ್ಲ ಆಮೇಲೆ. ಬೇಸ್ ಕೇಳಿಸದೆ ಬೇಸ್ ಕಲಿಯೋಕೆ ಆಗಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸ್ವರ ಎಲ್ಲಾ ಸರಿ ಇದ್ದೂ ಹಾಡಿನ ಹಾಗೆ ಯಾಕೆ ಕೇಳುವುದಿಲ್ಲ? ಟ್ಯಾಬ್ ನೋಡಿ ಕಲಿಯುವ ಎಲ್ಲರಿಗೂ ಈ ಪ್ರಶ್ನೆ ಬರುತ್ತದೆ. ಟ್ಯಾಬ್‌ನಲ್ಲಿ ಎಲ್ಲಿ ಒತ್ತಬೇಕು ಅಂತ ಇರುತ್ತದೆ, ಎಷ್ಟು ಹೊತ್ತು ಒತ್ತಬೇಕು, ಯಾವಾಗ ಬಿಡಬೇಕು ಅಂತ ಬಹಳ ಸಲ ಇರುವುದೇ ಇಲ್ಲ. ಸಾದಾ ಗಿಟಾರಿನಲ್ಲಿ ಕಾರ್ಡ್ ಹಾಕಿ ಬಿಟ್ಟರೆ ಅದು ತನ್ನ ಪಾಡಿಗೆ ಮೊಳಗುತ್ತದೆ, ಚೆನ್ನಾಗಿಯೇ ಕೇಳುತ್ತದೆ. ಬೇಸಿನಲ್ಲಿ ಹಾಗೆ ಬಿಟ್ಟರೆ ಒಂದು ಸ್ವರ ಇನ್ನೊಂದರ ಮೇಲೆ ಹರಿದು ಎಲ್ಲಾ ಕಲಸಿಕೊಂಡುಬಿಡುತ್ತದೆ. ನನ್ನ ಪ್ರಕಾರ ರಾಕ್ ಬೇಸ್‌ನಲ್ಲಿ ಅರ್ಧ ಕೆಲಸ ಸ್ವರ ಹುಟ್ಟಿಸುವುದು, ಇನ್ನರ್ಧ ಅದನ್ನು ನಿಲ್ಲಿಸುವುದು.

ಇದು ಅರ್ಥವಾಗಬೇಕೆಂದರೆ ಕ್ವೀನ್‌ನ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಹಾಕಿ ಕೇಳಿ. 1980ರ ಹಾಡು, ಬರೆದದ್ದೇ ಅವರ ಬೇಸ್ ವಾದಕ ಜಾನ್ ಡೀಕನ್. ಸ್ವರಗಳು ಏನೇನೂ ಕಷ್ಟವಿಲ್ಲ. ಎ, ಜಿ ಅಂತ ಎರಡು ಸ್ವರ ಹಾರಿ ಬಂದು ಇ ಇ ಇ. ಆಮೇಲೆ ಒಂದು ಖಾಲಿ ಜಾಗ. ಆಮೇಲೆ ಇ ಇ ಇ ಜಿ ಇ ಎ. ಅಷ್ಟೇ. ಮೊದಲ ಮೂರು ಇ ಆದ ಮೇಲೆ ಬರುವ ಆ ಖಾಲಿ ಜಾಗದಲ್ಲಿ ನಿಮ್ಮ ತಂತಿ ಒಂಚೂರೂ ಗುನುಗಬಾರದು. ಅದು ಖಾಲಿ ತಂತಿ ಆದ್ದರಿಂದ ಎಡಗೈ ಎತ್ತಿದರೆ ದನಿ ನಿಲ್ಲುವುದಿಲ್ಲ. ಎಡಗೈ ಬೆರಳುಗಳನ್ನು ಮೆತ್ತಗೆ ತಂತಿಯ ಮೇಲೆ ಮಲಗಿಸಬೇಕು, ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಒತ್ತಬಾರದು. ಒಂದೇ ಬೆರಳು ಮುಟ್ಟಿಸಿದರೆ ಕೆಲವೊಮ್ಮೆ 'ಟಿಂಗ್' ಅಂತ ಹಾರ್ಮೋನಿಕ್ ಬರುತ್ತದೆ, ಎರಡು ಮೂರು ಬೆರಳು ಒಟ್ಟಿಗೆ ಮಲಗಿಸಿ. ಅದೇ ಹೊತ್ತಿಗೆ ಬಲಗೈಯಲ್ಲಿ ಮುಂದೆ ಮೀಟಬೇಕಾದ ಬೆರಳು ಮೊದಲೇ ಬಂದು ತಂತಿಯ ಮೇಲೆ ಕೂತಿರಬೇಕು. ಕೂತಾಗ ದನಿ ಸಾಯುತ್ತದೆ, ಎಳೆದಾಗ ಹುಟ್ಟುತ್ತದೆ. ಈ ಎರಡು ಕೈಯ ಕೆಲಸ ಕೂಡಿ ಬರುವ ತನಕ ಇನ್ನೊಂದು ಹಾಡಿಗೆ ಹೋಗಬೇಡಿ.

ಇನ್ನೊಂದು ಮಾತು. ವಾದ್ಯ ಮುಟ್ಟುವ ಮೊದಲು ಬಾಯಲ್ಲಿ ಹಾಡಿ. ಬೇಸ್ ಲೈನನ್ನು ಮಾತ್ರ, 'ಡುಂ ಡುಂ' ಅಂತಲೇ ಆಗಲಿ. ಬಾಯಲ್ಲಿ ಬಾರದ್ದು ಬೆರಳಲ್ಲಿ ಬರುವುದಿಲ್ಲ.

ತೀರ್ಥಹಳ್ಳಿ ತೋಟ:

ಭದ್ರಾವತಿ ಅಣ್ಣ ಹೇಳಿದ್ದು ಸರಿ, ಆದರೆ ಟ್ಯಾಬ್ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಬೇಡಿ ಮಾರಾಯ್ರೆ. ನಮ್ಮಂಥವರಿಗೆ ಅದೇ ಗತಿ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ತನಕ ಸುಲಿಯುವುದು, ಬೇಯಿಸುವುದು ಇರುತ್ತದೆ, ಕೈಗೆ ಬಿಡುವು ಸಿಗುವುದೇ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಕಿವಿಯಿಂದ ಒಂದೊಂದೇ ಸ್ವರ ಹುಡುಕುತ್ತಾ ಕೂತರೆ ಹಾಡು ಯಾವಾಗ ನುಡಿಸುವುದು? ಟ್ಯಾಬ್ ನೋಡಿ ಜಾಗ ತಿಳಿದುಕೊಳ್ಳಿ, ಆಮೇಲೆ ಹಾಡಿನ ಜೊತೆ ನುಡಿಸಿ. ನಾನು ಮಾಡುವುದು ಹಾಗೇ, ಹಾಡುಗಳೂ ಬರುತ್ತವೆ.

ಗೋಪಾಳದವರಿಗೆ ಇನ್ನೂ ಸುಲಭದ ಹಾಡು ಬೇಕಿದ್ದರೆ 'ಅಂಡರ್ ಪ್ರೆಷರ್' ನುಡಿಸಿ. ಕ್ವೀನ್ ಮತ್ತು ಡೇವಿಡ್ ಬೋವಿ ಸೇರಿ ಮಾಡಿದ್ದು, 1981. ಆರು ಸಲ ಡಿ, ಒಂದು ಸಲ ಎ. ಡಿ ಸಿಗುವುದು ಎ ತಂತಿಯ ಐದನೇ ಫ್ರೆಟ್‌ನಲ್ಲಿ, ಎ ಸಿಗುವುದು ಇ ತಂತಿಯ ಐದನೇ ಫ್ರೆಟ್‌ನಲ್ಲಿ. ಎಡಗೈ ಕದಲಿಸುವುದೇ ಬೇಡ.

ಭದ್ರಾವತಿ ಬೇಸ್:

ತೋಟದ ಅಣ್ಣ, ಟ್ಯಾಬ್ ನೋಡಲೇಬೇಡಿ ಅಂತ ನಾನು ಹೇಳಲಿಲ್ಲ. ಜಾಗ ಗೊತ್ತಾಗಲು ನೋಡಿ, ತಪ್ಪೇನಿಲ್ಲ. ಆದರೆ ನೀವು ಹೇಳಿದ ಹಾಡನ್ನೇ ತಗೊಳ್ಳಿ. ಟ್ಯಾಬ್‌ನಲ್ಲಿ ಅದು 5 5 5 5 5 5, ಕೆಳಗೆ ಇನ್ನೊಂದು 5. ಅದನ್ನು ಆ ಹಾಡು ಕೇಳಿಯೇ ಇಲ್ಲದವರ ಕೈಗೆ ಕೊಟ್ಟು ನುಡಿಸಲು ಹೇಳಿ. ಏಳೂ ಸ್ವರ ಒಂದೇ ಅಳತೆಯಲ್ಲಿ ಬರುತ್ತವೆ. ಹಾಡಿನಲ್ಲಿ ಹಾಗಿಲ್ಲ ಅಲ್ವಾ? ಮೂರು ಡಿ ಹೆಜ್ಜೆ ಇಟ್ಟ ಹಾಗೆ ಬರುತ್ತವೆ, ಆಮೇಲಿನ ಎರಡು ಚುರುಕಾಗಿ ಒಟ್ಟಿಗೆ ಬರುತ್ತವೆ, ಆಮೇಲೆ ಒಂದು ಡಿ, ಕೊನೆಗೆ ಕೆಳಗಿನ ಎ. ಅಷ್ಟಾದ ಮೇಲೆ ಒಂದು ಉಸಿರು ಬಿಡುವಷ್ಟು ಖಾಲಿ, ಅಲ್ಲಿ ಚಿಟಿಕೆ ಕೇಳುತ್ತದೆ. ಆ ಖಾಲಿ ಇಲ್ಲದಿದ್ದರೆ ಅದು ಆ ಹಾಡೇ ಅಲ್ಲ. ನಿಮಗೆ ಬರುತ್ತದೆ, ಯಾಕೆಂದರೆ ಹಾಡು ನಿಮ್ಮ ತಲೆಯೊಳಗೆ ಮೊದಲೇ ಕೂತಿದೆ. ಅಂದರೆ ನೀವೂ ಕಿವಿಯಿಂದಲೇ ಕಲಿತವರು.

ತೀರ್ಥಹಳ್ಳಿ ತೋಟ:

ಅದು ಹೌದು. ಒಪ್ಪಿದೆ. ಆದರೂ ಜಾಗ ಹುಡುಕುವ ಹೊತ್ತು ಉಳಿಯುತ್ತದೆ ಅನ್ನುವ ನನ್ನ ಮಾತು ಹಾಗೇ ಇರಲಿ.

ವರದಾಮೂಲ:

ಸಾಗರದ ಹತ್ತಿರದವಳು. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತಿದ್ದೆ, ಬೇಸ್ ಆಮೇಲೆ ಹಿಡಿದದ್ದು. ಇಬ್ಬರ ಜಗಳದ ನಡುವೆ ಒಂದು ವಿಷಯ ಸೇರಿಸುತ್ತೇನೆ, ಸಂಗೀತದ ಪಾಠ ಸ್ವಲ್ಪ ಆದವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಳೇ ರಾಕ್ ಹಾಡುಗಳ ರಿಫ್‌ಗಳು, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರದ ಸಾಲುಗಳು, ಬಹಳಷ್ಟು ನಿಂತಿರುವುದು ಮೈನರ್ ಪೆಂಟಟಾನಿಕ್ ಅನ್ನುವ ಐದು ಸ್ವರಗಳ ಮೇಲೆ. ನಮ್ಮ ಲೆಕ್ಕದಲ್ಲಿ ಅದು ಸ ಗ ಮ ಪ ನಿ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳೇ. ಗಮಕ ಬೇರೆ, ನಡೆ ಬೇರೆ, ರಾಗ ಅಂತ ಕರೆಯೋಕೆ ಆಗಲ್ಲ, ಆದರೆ ಮನೆಗಳು ಅವೇ. ಮೇಜರ್ ಪೆಂಟಟಾನಿಕ್ ಅಂದರೆ ಮೋಹನದ ಸ್ವರಗಳು.

ಕ್ರೀಮ್‌ನ 'ಸನ್‌ಶೈನ್ ಆಫ್ ಯುವರ್ ಲವ್' ತಗೊಳ್ಳಿ. 1967. ರಿಫ್ ಹುಟ್ಟಿದ್ದು ಬೇಸ್ ವಾದಕ ಜ್ಯಾಕ್ ಬ್ರೂಸ್ ಕೈಯಲ್ಲಿ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಛೇರಿ ಕೇಳಿ ಬಂದ ಮೇಲೆ. ಡಿ ಅನ್ನು ಷಡ್ಜ ಮಾಡಿಕೊಂಡರೆ ಅದು ಹೀಗೆ: ಸ ಸ ನಿ ಸ, ಪ, ಆಮೇಲೆ ಪ್ರತಿಮಧ್ಯಮ, ಅದರ ಬೆನ್ನಿಗೇ ಶುದ್ಧ ಮಧ್ಯಮ, ಕೆಳಗಿನ ಸ ಗ ಸ. ಶುದ್ಧ ಧನ್ಯಾಸಿಯ ಮನೆಯೊಳಗೆ ಪ್ರತಿಮಧ್ಯಮ ಒಂದು ಕ್ಷಣ ಬಂದು ಹೋಗುತ್ತದೆ. ಬ್ಲೂಸ್ ರುಚಿ ಇರುವುದು ಆ ಒಂದು ಸ್ವರದಲ್ಲಿ. ಎರಡು ಮಧ್ಯಮ ಪಕ್ಕಪಕ್ಕ ಬಂದರೆ ನನ್ನ ಗುರುಗಳು ಏನು ಹೇಳುತ್ತಿದ್ದರೋ, ನನಗೆ ಮಾತ್ರ ಅದನ್ನು ಹಾಡಿಕೊಂಡಾಗಲೆಲ್ಲ ಮೈ ಜುಂ ಅನ್ನುತ್ತದೆ.

ಇನ್ನೂ ಚಂದದ ವಿಷಯ ಅಂದರೆ ಇಡೀ ರಿಫ್ ಐದರಿಂದ ಎಂಟನೇ ಫ್ರೆಟ್ ಒಳಗೆ ಸಿಗುತ್ತದೆ. ಜಿ ತಂತಿಯಲ್ಲಿ 7 7 5 7. ಡಿ ತಂತಿಯಲ್ಲಿ 7 6 5. ಎ ತಂತಿಯಲ್ಲಿ 5 8 5. ತೋರು ಬೆರಳು ಐದಕ್ಕೆ, ಮಧ್ಯದ್ದು ಆರಕ್ಕೆ, ಉಂಗುರದ್ದು ಏಳಕ್ಕೆ, ಕಿರುಬೆರಳು ಎಂಟಕ್ಕೆ. ಕೈ ಒಂದೇ ಕಡೆ ಕೂತಿರುತ್ತದೆ. ಕೊನೆಯ ಗಾಂಧಾರವನ್ನು ಸ್ವಲ್ಪ ಅಲುಗಿಸಿ, ಸುಮ್ನೆ ಒತ್ತಿ ಬಿಡಬೇಡಿ.

ಕೈ ಚಿಕ್ಕದಿದ್ದವರಿಗೂ ಒಂದು ಮಾತು, ನನ್ನದೂ ಚಿಕ್ಕ ಕೈ. ಸಾಮಾನ್ಯ ಬೇಸಿನ ಸ್ಕೇಲ್ (ತಂತಿ ಕಂಪಿಸುವ ಉದ್ದ) 34 ಇಂಚು. ಅದರಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ದೂರ. ಐದರಿಂದ ಎಂಟಕ್ಕೆ 10ರ ಆಸುಪಾಸು. ಅದಕ್ಕೇ ಕೆಳಗಿನ ಫ್ರೆಟ್‌ಗಳಲ್ಲಿ ನಾಲ್ಕು ಬೆರಳನ್ನು ಎಳೆದು ಹರಡುವ ಹಟ ಬೇಡ, ಮಣಿಕಟ್ಟು ನೋವು ಬರುತ್ತದೆ. ಅಲ್ಲಿ ತೋರು ಬೆರಳು, ಮಧ್ಯದ ಬೆರಳು, ಕಿರುಬೆರಳು ಮೂರೇ ಸಾಕು. ಉಂಗುರದ ಬೆರಳು ಕಿರುಬೆರಳಿಗೆ ಒತ್ತಾಸೆಯಾಗಿ ಇರಲಿ. ಡಬಲ್ ಬೇಸ್ ನುಡಿಸುವವರ ಹಳೇ ಪದ್ಧತಿ ಇದು. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೂಡ ಸಿಗುತ್ತದೆ, ಮಕ್ಕಳ ಆಟಿಕೆ ಅಂತ ಯಾರಾದರೂ ಅಂದರೆ ನಂಬಬೇಡಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಡಿದ ಪಿಟೀಲಿನ ಆಕಾರದ ಹಾಫ್ನರ್, ಜ್ಯಾಕ್ ಬ್ರೂಸ್ ಹಿಡಿದ ಗಿಬ್ಸನ್, ಎರಡೂ ಶಾರ್ಟ್ ಸ್ಕೇಲ್‌ಗಳೇ.

ಗೋಪಾಳದವ:

ವರದಾ ಅಕ್ಕ, ನೀವು ಹೇಳಿದ ಹಾಗೆ ನುಡಿಸಿ ನೋಡಿದೆ. ನಿಜವಾಗಲೂ ಕೈ ಕದಲಿಸದೆ ಬಂತು! ಹೆಡ್‌ಫೋನ್ ಹಾಕಿ ಕೇಳಿದರೆ ಹಾಡಿನಲ್ಲಿ ಬೇಸ್ ಇಷ್ಟು ಮುಂದೆ ಇದೆ ಅಂತ ಈಗ ಗೊತ್ತಾಯಿತು.

ಪಿಕ್ ಬಗ್ಗೆ ಯಾರೂ ಹೇಳಲಿಲ್ಲ. ಆಮೇಲೆ ಪಿಂಕ್ ಫ್ಲಾಯ್ಡ್‌ನ 'ಮನಿ' ನುಡಿಸಲು ಹೋದೆ. ಸ್ವರ ಸಿಗುತ್ತದೆ, ಆದರೆ ಪ್ರತಿ ಸುತ್ತಿನಲ್ಲೂ ಎಲ್ಲೋ ಒಂದು ಕಡೆ ಜಾರುತ್ತದೆ. ಡ್ರಮ್ಸ್ ಮುಂದೆ ಹೋಗಿರುತ್ತದೆ.

ಹೊಸನಗರದ ಮದ್ದಳೆ:

'ಮನಿ' ವಿಷಯಕ್ಕೆ ನಾನು ಬರುತ್ತೇನೆ. ನಾನು ಮದ್ದಳೆ ಕಲಿಯುವವನು, ಮನೆಯಲ್ಲಿ ಯಕ್ಷಗಾನದ ವಾತಾವರಣ. ಬೇಸ್ ಅಣ್ಣನದ್ದು, ಬಿಡುವಾದಾಗ ನಾನೂ ಹಿಡಿಯುತ್ತೇನೆ.

ನೀವು ನಾಲ್ಕು ನಾಲ್ಕು ಎಣಿಸುತ್ತಿದ್ದೀರಿ, ಅದಕ್ಕೇ ಜಾರುವುದು. ಆ ಹಾಡು ಏಳು ಎಣಿಕೆಯದ್ದು. ನಮಗೆ ಏಳು ಹೊಸತಲ್ಲ, ಯಕ್ಷಗಾನದ ತ್ರಿವುಡೆ ಏಳಕ್ಷರದ್ದೇ, ಕಛೇರಿಯಲ್ಲಿ ಮಿಶ್ರ ಚಾಪು ಏಳು. ಮಿಶ್ರ ಚಾಪಿನಲ್ಲಿ ಮೂರು ಮೊದಲು, ನಾಲ್ಕು ಆಮೇಲೆ. 'ಮನಿ' ರಿಫ್ ನನ್ನ ಕಿವಿಗೆ ತಿರುಗಿಸಿ ಒಡೆಯುತ್ತದೆ, ನಾಲ್ಕು ಮೊದಲು, ಮೂರು ಆಮೇಲೆ. 'ತಕಧಿಮಿ ತಕಿಟ' ಅಂತ ಹೇಳಿಕೊಳ್ಳಿ, ಒಂದೊಂದು ಅಕ್ಷರಕ್ಕೆ ಒಂದೊಂದು ಎಣಿಕೆ.

ಸ್ವರ ಇಡುವುದು ಹೀಗೆ. 'ತ' ಅನ್ನುವಾಗ ಬಿ, ಅಂದರೆ ಎ ತಂತಿಯ ಎರಡನೇ ಫ್ರೆಟ್. 'ಕ' ಅನ್ನುವಾಗ ಎರಡು ಸ್ವರ ಒಂದರ ಹಿಂದೆ ಒಂದು, ಜಿ ತಂತಿಯ ನಾಲ್ಕು, ಡಿ ತಂತಿಯ ನಾಲ್ಕು. ಇದನ್ನು ಸಮ ಭಾಗ ಮಾಡಬೇಡಿ, ಮೊದಲನೆಯದು ಸ್ವಲ್ಪ ಉದ್ದ, ಎರಡನೆಯದು ಗಿಡ್ಡ, ಆಗ ತೂಗಾಟ ಬರುತ್ತದೆ. 'ಧಿ' ಮತ್ತೆ ಬಿ. 'ಮಿ' ಇ ತಂತಿಯ ಎರಡು. ಇಲ್ಲಿಗೆ ನಾಲ್ಕು. ಇನ್ನು 'ತ' ಇ ತಂತಿಯ ಐದು, 'ಕಿ' ಎ ತಂತಿಯ ಎರಡು, 'ಟ' ಎ ತಂತಿಯ ಐದು. ಏಳು ಮುಗಿಯಿತು, ಮತ್ತೆ ಮೊದಲಿನ 'ತ'.

ಕೊನೆಯ 'ಟ' ಆದ ಮೇಲೆ ಕೈ ಇನ್ನೊಂದು ಎಣಿಕೆಗೆ ಕಾಯುತ್ತದೆ, ಅದು ಎಂಟನೆಯದನ್ನು ಹುಡುಕುತ್ತಿರುತ್ತದೆ. ಅಲ್ಲೇ ನೀವು ಜಾರುತ್ತಿರುವುದು. ಬೇಸ್ ಕೆಳಗಿಡಿ. ತೊಡೆ ಮೇಲೆ ತಾಳ ಹಾಕುತ್ತಾ ಹಾಡು ಕೇಳಿ, ಏಳು ಮೈಗೆ ಹತ್ತಿದ ಮೇಲೆ ಹಿಡಿಯಿರಿ. ಇನ್ನೊಂದು ಹುಷಾರು: ಸ್ಯಾಕ್ಸೋಫೋನ್ ಬರುವ ತನಕ, ಅದು ನುಡಿಯುವಾಗಲೂ ಏಳೇ ಇರುತ್ತದೆ. ಗಿಟಾರ್ ಸೋಲೋ ಶುರುವಾದಾಗ ಹಾಡು ನಾಲ್ಕಕ್ಕೆ ತಿರುಗುತ್ತದೆ. ಅದು ಮುಗಿದ ಮೇಲೆ ಮತ್ತೆ ಏಳು. ಭಾಗವತರು ತಾಳ ಬದಲಿಸುವಾಗ ಮದ್ದಳೆಯವನು ಎಷ್ಟು ಎಚ್ಚರ ಇರಬೇಕೋ ಅಷ್ಟೇ ಎಚ್ಚರ ಇಲ್ಲೂ ಬೇಕು. 1973ರಲ್ಲಿ ಬಂದ ಹಾಡು, ಇಷ್ಟೆಲ್ಲಾ ತಿರುವು ಇಟ್ಟುಕೊಂಡೂ ಜನ ತಲೆದೂಗುತ್ತಾ ಕೇಳಿದರು. ದೊಡ್ಡ ಕೆಲಸ ಅದು.

ಭದ್ರಾವತಿ ಬೇಸ್:

ಮದ್ದಳೆ ತಮ್ಮಾ, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದೆ. ಇದನ್ನು ನಾನೂ ನನ್ನ ಹುಡುಗರಿಗೆ ಹೀಗೇ ಹೇಳುತ್ತೇನೆ ಇನ್ನು ಮೇಲೆ.

ಪಿಕ್ ಪ್ರಶ್ನೆಗೆ: ಹಿಡಿಯಿರಿ, ಯಾರೂ ಬೇಡ ಅನ್ನಲ್ಲ. ಬೆರಳೇ ನಿಜವಾದ ಬೇಸ್, ಪಿಕ್ ಅಂದರೆ ಗಿಟಾರಿನವರ ಚಾಳಿ ಅಂತ ಹೇಳುವವರಿದ್ದಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. ಮೆಕಾರ್ಟ್ನಿ ಪಿಕ್ ಹಿಡಿದರು, ಯೆಸ್ ತಂಡದ ಕ್ರಿಸ್ ಸ್ಕ್ವಾಯರ್ ಪಿಕ್ ಹಿಡಿದರು, ಡೀಪ್ ಪರ್ಪಲ್‌ನ ರೋಜರ್ ಗ್ಲೋವರ್ ಕೂಡ. ದ ಹೂ ತಂಡದ ಎಂಟ್ವಿಸಲ್ 1965ರ 'ಮೈ ಜನರೇಶನ್'ನಲ್ಲಿ ಬೇಸಿನಲ್ಲೇ ಸೋಲೋ ಹೊಡೆದು ತೋರಿಸಿದರು. ಹಾಡಿಗೆ ಯಾವ ದನಿ ಬೇಕೋ ಅದನ್ನು ಹಿಡಿಯಬೇಕು. ಪಿಕ್‌ನಲ್ಲಿ ಸ್ವರದ ಮುಂಭಾಗ ಚೂಪಾಗಿ ಬರುತ್ತದೆ. ಬೆರಳಿನಲ್ಲಿ ದುಂಡಗೆ ಬರುತ್ತದೆ. ಪಿಕ್ ಹಿಡಿದಾಗ ಅಂಗೈ ಅಂಚನ್ನು ಬ್ರಿಜ್ (ತಂತಿಯ ಕೆಳತುದಿ ಕೂರುವ ಕಡೆ) ಹತ್ತಿರ ತಂತಿಗೆ ತಾಗಿಸಿ ಇಟ್ಟರೆ ದನಿ ಬೇಗ ಸಾಯುತ್ತದೆ, ನಿಲ್ಲಿಸುವ ಕೆಲಸ ಅಲ್ಲೂ ಇದೆ.

ಶುರುವಿನಲ್ಲಿ ಮಾತ್ರ ಬೆರಳಿಂದ ಕಲಿಯಿರಿ, ತೋರು ಮತ್ತು ಮಧ್ಯದ ಬೆರಳು ಒಂದಾದ ಮೇಲೊಂದು. ಹೆಬ್ಬೆರಳನ್ನು ಪಿಕಪ್ (ತಂತಿ ಕೆಳಗಿರುವ, ದನಿ ಹಿಡಿಯುವ ಭಾಗ) ಮೇಲೆ ಅಂಟಿಸಿ ಇಡಬೇಡಿ. ಸಣ್ಣ ತಂತಿ ನುಡಿಸಲು ಹೋದಾಗ ಹೆಬ್ಬೆರಳು ಕೂಡ ಜೊತೆಗೆ ಇಳಿದು ಬಂದು ದಪ್ಪ ತಂತಿಗಳ ಮೇಲೆ ಒರಗಬೇಕು. ಆಗ ಅವು ತಾವಾಗಿಯೇ ಗುನುಗುವುದು ನಿಲ್ಲುತ್ತದೆ.

ಆಗುಂಬೆ ರಸ್ತೆ:

ಮಳೆಗಾಲದ ಪ್ರಶ್ನೆ ಎಲ್ಲರೂ ಬಿಟ್ಟೇಬಿಟ್ಟಿರಲ್ಲ! ನಮ್ಮ ಕಡೆ ಅದೇ ದೊಡ್ಡ ಕಷ್ಟ. ಜೂನ್ ಬಂತೆಂದರೆ ಬಟ್ಟೆ ಒಣಗಲ್ಲ, ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆ, ಇನ್ನು ತಂತಿ ಉಳಿಯುತ್ತದಾ.

ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ. ಮೇಲೆ ಒರೆಸಿದರೆ ಸಾಲದು, ತಂತಿಯ ಕೆಳಗೆ ಬಟ್ಟೆ ತೂರಿಸಿ ಎಳೆಯಿರಿ. ಬೆವರು ಇರುವುದು ಅಲ್ಲಿ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒದ್ದೆಯಾದ ಮೇಲೆ ಬದಲಿಸಿ. ಅಟ್ಟದ ಮೇಲೆ ಬೆಚ್ಚಗಿರುತ್ತದೆ ಅಂತ ಒಲೆಯ ನೇರಕ್ಕೆ ಇಡುವವರಿದ್ದಾರೆ. ಬೇಡ. ಹೊಗೆ ಕೂರುತ್ತದೆ, ಮರ ಒಂದೇ ಸಮ ಒಣಗಿ ನೆಕ್ (ಕತ್ತು) ತಿರುಚಿಕೊಳ್ಳುತ್ತದೆ. ಗೋಡೆಗೂ ಒರಗಿಸಬೇಡಿ, ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಬಿಡುತ್ತದೆ. ಒಳಕೋಣೆಯ ಮಂಚದ ಮೇಲೆ ಇಟ್ಟರೆ ಸಾಕು.

ಹೊಸ ತಂತಿ ಹಾಕುವಾಗ ಫ್ಲಾಟ್‌ವೂಂಡ್ (ಚಪ್ಪಟೆ ಸುತ್ತಿನದು) ಹಾಕಿ ನೋಡಿ. ಮೇಲ್ಮೈ ನುಣುಪಾಗಿರುವುದರಿಂದ ಕೊಳೆ ಕೂರಲು ಸಂದಿ ಇರುವುದಿಲ್ಲ, ತುಂಬಾ ಕಾಲ ಬರುತ್ತವೆ. ಅರವತ್ತರ ದಶಕದ ಹಾಡುಗಳಲ್ಲಿ ಕೇಳುವ ಆ ಗುಂ ಅನ್ನುವ ದನಿ ಬಹಳ ಕಡೆ ಅವುಗಳದ್ದೇ. ಲೋಹದ ಕಿಣಿಕಿಣಿ ಬೇಕಿದ್ದರೆ ಮಾತ್ರ ರೌಂಡ್‌ವೂಂಡ್ (ದುಂಡು ಸುತ್ತಿನದು).

ನೆಕ್ ಬಾಗಿದೆಯಾ ಅಂತ ನೋಡಲು ಒಂದನೇ ಫ್ರೆಟ್ ಮತ್ತು ಕೊನೇ ಫ್ರೆಟ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಏಳು ಎಂಟನೇ ಫ್ರೆಟ್ ಹತ್ತಿರ ತಂತಿ ಕೆಳಗೆ ನೋಡಿ. ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದಿ ಇದ್ದರೆ ಸರಿ. ತುಂಬಾ ಜಾಸ್ತಿ ಇದ್ದರೆ ಅಥವಾ ಸಂದಿಯೇ ಇಲ್ಲದೆ ತಂತಿ ಬಡಿಯುತ್ತಿದ್ದರೆ ಟ್ರಸ್ ರಾಡ್ (ನೆಕ್ ಒಳಗಿರುವ ಲೋಹದ ಸರಳು) ತಿರುಗಿಸಬೇಕು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗಿಸಿ, ಶ್ರುತಿ ಮಾಡಿ, ಒಂದು ದಿನ ಬಿಟ್ಟು ನೋಡಿ. ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬಲ ಹಾಕಬೇಡಿ, ಗೊತ್ತಿದ್ದವರಿಗೆ ಕೊಡಿ.

ಕರೆಂಟಿನ ಮಾತೂ ಹೇಳಿಬಿಡುತ್ತೇನೆ. ಹಳೇ ಮನೆಯಲ್ಲಿ ಆಂಪ್ ಹಾಕಿದಾಗ ಗುಂಯ್ ಅಂತ ಸದ್ದು ಬಂದು, ತಂತಿ ಮುಟ್ಟಿದಾಗ ಕಡಿಮೆಯಾಗುತ್ತಿದ್ದರೆ ಅರ್ಥಿಂಗ್ ಒಮ್ಮೆ ಪರೀಕ್ಷೆ ಮಾಡಿಸಿ. ತಂತಿ ಮುಟ್ಟಿದಾಗ ಚುರ್ ಅಂದರೆ ಆಗಲೇ ಪ್ಲಗ್ ಕಿತ್ತುಬಿಡಿ. ಗುಡುಗು ಸಿಡಿಲು ಇರುವಾಗ ಹೇಗೂ ಬೇಡವೇ ಬೇಡ. ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಇಲ್ಲ, ಅದಕ್ಕೆ ಬ್ಯಾಟರಿಯ ಪುಟ್ಟ ಹೆಡ್‌ಫೋನ್ ಆಂಪ್ ಇಟ್ಟುಕೊಂಡಿದ್ದೇನೆ. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುವಾಗ ದೊಡ್ಡ ಆಂಪ್ ಇದ್ದರೂ ಕೇಳುವುದಿಲ್ಲ, ಹೆಡ್‌ಫೋನೇ ವಾಸಿ.

ಗೋಪಾಳದವ:

ತುಂಬಾ ಧನ್ಯವಾದ ಎಲ್ಲರಿಗೂ. ತಂತಿ ಒರೆಸಲು ಶುರು ಮಾಡಿದೆ. 'ತಕಧಿಮಿ ತಕಿಟ' ಆಫೀಸಿನಲ್ಲೂ ಬಾಯಲ್ಲಿ ಬರುತ್ತಿದೆ.

ಈಗೊಂದು ಹೊಸ ಪ್ರಶ್ನೆ. ಗೆಳೆಯರಿಬ್ಬರು ಇದ್ದಾರೆ, ಒಬ್ಬನಿಗೆ ಗಿಟಾರ್, ಇನ್ನೊಬ್ಬನಿಗೆ ಕೀಬೋರ್ಡ್. ಕಹೋನ್ (ಮರದ ಪೆಟ್ಟಿಗೆಯಂಥ ತಾಳವಾದ್ಯ) ಬಾರಿಸುವ ಹುಡುಗ ಒಬ್ಬ ಸಿಗಬಹುದು. ಡೀಪ್ ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್' ಮತ್ತು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ನುಡಿಸೋಣ ಅಂತಿದ್ದಾರೆ. ಗಿಟಾರಿನವನು ಹೇಳುತ್ತಾನೆ, ನೀನೂ ನನ್ನ ರಿಫ್ಫೇ ನುಡಿಸು ಅಂತ. ಹಾಗೆ ಮಾಡಲಾ?

ಭದ್ರಾವತಿ ಬೇಸ್:

ಬೇಡ. 'ಸ್ಮೋಕ್ ಆನ್ ದ ವಾಟರ್' ಇನ್ನೊಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ. ಗಿಟಾರ್ ಒಂಟಿಯಾಗಿ ಶುರು ಮಾಡುತ್ತದೆ. ಆಮೇಲೆ ಒಬ್ಬೊಬ್ಬರೇ ಬರುತ್ತಾರೆ. ಬೇಸ್ ಬಂದಾಗ ಗಿಟಾರಿನ ಹಿಂದೆ ಹೋಗುವುದಿಲ್ಲ, ಜಿ ಸ್ವರವನ್ನು ಹಿಡಿದು ಒಂದೇ ಸಮ ಕುಟ್ಟುತ್ತದೆ. ಮೇಲೆ ರಿಫ್ ಏರಿ ಇಳಿಯುತ್ತದೆ, ಕೆಳಗೆ ನೆಲ ಕದಲುವುದಿಲ್ಲ. ಆ ಹಾಡಿನ ಬಲವೇ ಅದು. ನೀವೂ ರಿಫ್ ನುಡಿಸಿದರೆ ಎರಡೂ ಒಂದೇ ಆಗಿ ಹಾಡು ತೆಳುವಾಗುತ್ತದೆ. ಅಂದಹಾಗೆ ಆ ಹೆಸರು ಕೊಟ್ಟದ್ದೂ ಬೇಸ್ ವಾದಕ ಗ್ಲೋವರ್. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರ್ಯಾಂಕ್ ಜಪ್ಪಾ ಕಛೇರಿ ನಡೆಯುವಾಗ ಕ್ಯಾಸಿನೋಗೆ ಬೆಂಕಿ ಬಿತ್ತು, ಕೆರೆಯ ಮೇಲೆ ಹೊಗೆ ಹರಡಿತು. ಅದೇ ಹಾಡಾಯಿತು. ತೋಟದ ಅಣ್ಣ ಹೇಳಿದ 'ಅಂಡರ್ ಪ್ರೆಷರ್' ಧ್ವನಿಮುದ್ರಣ ಆದದ್ದೂ ಅದೇ ಊರಿನಲ್ಲಿ.

ಸುಮ್ಮನಿರುವುದನ್ನೂ ಕಲಿಯಬೇಕು. ಫ್ರೀ ತಂಡದ 'ಆಲ್ ರೈಟ್ ನೌ' ಕೇಳಿ, 1970. ಚರಣದಲ್ಲಿ ಬೇಸ್ ಇಲ್ಲವೇ ಇಲ್ಲ. ಪಲ್ಲವಿಗೆ ಬೇಸ್ ಬಂದು ಸೇರಿದಾಗ ಹಾಡು ಎದ್ದು ನಿಲ್ಲುತ್ತದೆ. ನುಡಿಸಿದ ಆಂಡಿ ಫ್ರೇಸರ್‌ಗೆ ಆ ಹಾಡು ಬಂದಾಗ ಇನ್ನೂ 17 ವರ್ಷ. ಎಸಿ ಡಿಸಿಯ 'ಹೈವೇ ಟು ಹೆಲ್' ಕೂಡ ಹಾಗೇ, ಶುರುವಿನ ಚರಣದಲ್ಲಿ ಗಿಟಾರ್ ಮತ್ತು ಡ್ರಮ್ಸ್ ಮಾತ್ರ. ಆ ವಯಸ್ಸಿನಲ್ಲಿ ಕೈಕಟ್ಟಿ ನಿಲ್ಲುವ ತಿಳುವಳಿಕೆ ಫ್ರೇಸರ್‌ಗೆ ಹೇಗೆ ಬಂತೋ, ಕೇಳಿದಾಗಲೆಲ್ಲ ನನಗೆ ಗೌರವ ಬರುತ್ತದೆ.

ವರದಾಮೂಲ:

'ಹೋಟೆಲ್ ಕ್ಯಾಲಿಫೋರ್ನಿಯಾ'ಗೆ ನಾನು ಹೇಳುತ್ತೇನೆ. ಚರಣದಲ್ಲಿ ಎಂಟು ಕಾರ್ಡ್ ಸುತ್ತಿ ಬರುತ್ತವೆ: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಮೊದಲು ಮೂಲ ಸ್ವರ ಮಾತ್ರ ನುಡಿಸಿ. ಆಮೇಲೆ ಪಂಚಮ ಸೇರಿಸಿ. ಮೂಲ ಸ್ವರ ಎಲ್ಲೇ ಇರಲಿ, ಪಕ್ಕದ ಸಣ್ಣ ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಪಂಚಮ, ಇನ್ನೊಂದು ತಂತಿ ದಾಟಿ ಅದೇ ಫ್ರೆಟ್‌ನಲ್ಲಿ ತಾರ ಷಡ್ಜ. ಈ ಆಕಾರ ಎಲ್ಲಿ ಬೇಕಾದರೂ ಎತ್ತಿ ಇಡಬಹುದು.

ಆ ಹಾಡಿನ ಒಳಗೆ ರೆಗೇ (ಜಮೈಕಾದ ಸಂಗೀತ) ನಡೆ ಇದೆ. ಹಾಡಿಗೆ ಹೆಸರು ಇಡುವ ಮೊದಲು ಅವರೇ ಅದನ್ನು 'ಮೆಕ್ಸಿಕನ್ ರೆಗೇ' ಅಂತ ಕರೆಯುತ್ತಿದ್ದರಂತೆ. ಹಾಗಾಗಿ ಅವರ ಬೇಸ್ ವಾದಕ ರಾಂಡಿ ಮೈಸ್ನರ್ ಪೂರ್ತಿ ತುಂಬುವುದಿಲ್ಲ. ಎರಡು ಮೂರು ಸ್ವರ ಇಟ್ಟು ಬಿಡುತ್ತಾರೆ, ಜಾಗ ಕೊಡುತ್ತಾರೆ. ನಮ್ಮ ಕಡೆ ಕಾಲೇಜು ಫೆಸ್ಟ್‌ಗಳಲ್ಲಿ ಇದನ್ನು ದಡದಡ ಅಂತ ನುಡಿಸುವುದನ್ನು ಕೇಳಿ ಕೇಳಿ ಬೇಜಾರಾಗಿದೆ. ನೀವಾದರೂ ಬಿಡುವು ಕೊಟ್ಟು ನುಡಿಸಿ.

ತೀರ್ಥಹಳ್ಳಿ ತೋಟ:

ಕಹೋನ್ ಹುಡುಗನ ಪಕ್ಕದಲ್ಲೇ ಕೂರಿ. ಅವನ ದಪ್ಪ ಪೆಟ್ಟು ಮತ್ತು ನಿಮ್ಮ ಸ್ವರ ಒಟ್ಟಿಗೆ ಬೀಳಬೇಕು. ಡ್ರಮ್ಸ್‌ನಲ್ಲಾದರೆ ಕಾಲಿನ ಕಿಕ್, ಕಹೋನ್‌ನಲ್ಲಿ ನಡುವಿನ ಪೆಟ್ಟು. ಗಿಟಾರಿನವನ ಮುಖ ನೋಡುತ್ತಾ ನುಡಿಸಬೇಡಿ, ಇವನ ಕೈ ನೋಡಿ.

ಭದ್ರಾವತಿ ಬೇಸ್:

ಅದೇ ಅದೇ. ಒಂದು ಮಾತು ಮರೆತಿದ್ದೆ, ಆರ್ಕೆಸ್ಟ್ರಾದವರಿಗೆಲ್ಲಾ ಗೊತ್ತಿರುವುದು. ಕೀಬೋರ್ಡ್ ನುಡಿಸುವವರು ಒಬ್ಬರೇ ನುಡಿಸಿ ರೂಢಿಯಾಗಿ ಎಡಗೈಯಲ್ಲಿ ಬೇಸ್ ಹಾಕಿಕೊಂಡು ಹೋಗುತ್ತಾರೆ. ನೀವಿಬ್ಬರೂ ಕೆಳಗೆ ನುಡಿಸಿದರೆ ದನಿ ಮಸುಕಾಗಿ ಎರಡೂ ಹಾಳು. ರಿಹರ್ಸಲ್ ಶುರುವಾಗುವ ಮೊದಲೇ ಗೆಳೆಯನಿಗೆ ಹೇಳಿ, ಎಡಗೈ ಮೇಲಿನ ಸಪ್ತಕಕ್ಕೆ ತಗೊಳ್ಳಲಿ ಅಂತ. ರಿದಮ್ ಸ್ಟೈಲ್ ಹಾಕಿದ್ದರೆ ಅದರಲ್ಲಿ ಬರುವ ಬೇಸ್ ಟ್ರ್ಯಾಕ್ ಆಫ್ ಮಾಡಲು ಹೇಳಿ. ಮತ್ತೆ, ನಿಮ್ಮ ಆಂಪ್ ಸಾದಾ ಗಿಟಾರಿನದ್ದಾ, ಬೇಸಿನದ್ದಾ? ಗಿಟಾರಿನದ್ದಾದರೆ ಜೋರಾಗಿ ಇಡಬೇಡಿ, ಸ್ಪೀಕರ್ ಹರಿಯುತ್ತದೆ.

ಗೋಪಾಳದವ:

ಬೇಸಿನದ್ದೇ ಅಣ್ಣ, ಹತ್ತು ಇಂಚಿನ ಸ್ಪೀಕರ್ ಇದೆ. ಎಡಗೈ ವಿಷಯ ಇವತ್ತೇ ಅವನಿಗೆ ಫೋನ್ ಮಾಡಿ ಹೇಳುತ್ತೇನೆ. ಭಾನುವಾರ ವಿನೋಬನಗರದಲ್ಲಿ ಅವನ ಮನೆ ಮಹಡಿ ಮೇಲೆ ಸೇರುತ್ತಿದ್ದೇವೆ. ಮೊದಲು 'ಅನದರ್ ಒನ್' ನುಡಿಸುತ್ತೇವೆ, ಖಾಲಿ ಜಾಗ ನಾಲ್ವರಿಗೂ ಒಟ್ಟಿಗೆ ಸಿಕ್ಕಿದ ಮೇಲೆ 'ಸ್ಮೋಕ್'. 'ಮನಿ' ಅವರಿಗೆ ಇನ್ನೂ ಹೇಳಿಲ್ಲ. ಹೊಸನಗರದ ತಮ್ಮ, ಆ ಕಡೆಯಿಂದ ಶಿವಮೊಗ್ಗಕ್ಕೆ ಬರುವುದಿದ್ದರೆ ಒಂದು ಮೆಸೇಜ್ ಹಾಕು. ಏಳರ ಎಣಿಕೆಯನ್ನು ಕಹೋನ್ ಹುಡುಗನಿಗೆ ನೀನೇ ಹೇಳಿಕೊಡಬೇಕು.

ಹೊಸನಗರದ ಮದ್ದಳೆ:

ಬರುತ್ತೇನೆ ಅಣ್ಣ. ಮುಂದಿನ ವಾರ ಮದ್ದಳೆಗೆ ಕರಣೆ (ಚರ್ಮದ ಮೇಲಿನ ಕಪ್ಪು ಲೇಪ) ಹಾಕಿಸುವ ಕೆಲಸ ಇದೆ, ಅದು ಮುಗಿದ ಮೇಲೆ ಮದ್ದಳೆಯನ್ನೂ ಹೊತ್ತುಕೊಂಡೇ ಬರುತ್ತೇನೆ. ಕಹೋನ್ ಜೊತೆ ಅದನ್ನೂ ಇಟ್ಟು 'ಮನಿ' ಒಮ್ಮೆ ನುಡಿಸಿ ನೋಡೋಣ.